ವಿಂಡೋಸ್ ಇಲ್ಲದೆ ವಿಂಡೋಸಿನ ಇನ್‌ಸ್ಟಾಲರ್

ಬಬಲೇಶ್ವರದ ವಿದ್ಯಾರ್ಥಿಯೊಬ್ಬನು ತನ್ನ ವಿಂಡೋಸ್ ಗಣಕಯಂತ್ರದಲ್ಲಿ ವಿಎಲ್‌ಸಿ ಎಂಬ ತಂತ್ರಾಂಶದಿಂದ ಚಲನಚಿತ್ರವೊಂದನ್ನು ನೋಡುತ್ತಿರುವನೆಂದು ಭಾವಿಸೋಣ. ಪ್ಯಾರಿಸಿನ ಎಕೋಲ್ ಸೆಂಟ್ರಾಲ್ ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ ಈ ತಂತ್ರಾಂಶದ ಮೂಲಲಿಪಿಯು 2001ರಿಂದ ಸರ್ವರಿಗೂ ಮುಕ್ತವಾಗಿದೆ. ಸೋಜಿಗವೆಂದರೆ, ಅವನು ಸ್ಥಾಪಿಸಿಕೊಂಡ ಇನ್‌ಸ್ಟಾಲರ್ ಕಡತವು ತಯಾರಾದದ್ದು ವಿಂಡೋಸಿನಲ್ಲಲ್ಲ, ಲಿನಕ್ಸಿನಲ್ಲಿ.

ಮೂಲಲಿಪಿಯನ್ನು ಯಂತ್ರಭಾಷೆಗೆ ಅನುವಾದಿಸುವ ಸಾಧನಕ್ಕೆ ಕಂಪೈಲರ್ ಎಂದು ಹೆಸರು. ಅನುವಾದಕನಿಗೆ ಬೇಕಾದುದು ಭಾಷೆಯ ಜ್ಞಾನ; ಆ ಭಾಷೆಯ ನಾಡಿನಲ್ಲಿ ಅವನು ವಾಸಿಸಬೇಕೆಂಬ ನಿಯಮವಿಲ್ಲ. ವಿಜಯಪುರದಲ್ಲಿ ಕುಳಿತು ಮರಾಠಿಗೆ ಅನುವಾದಿಸುವವರು ಎಷ್ಟೋ ಮಂದಿ! ಎರಡು ವ್ಯವಸ್ಥೆಗಳೂ ಒಂದೇ ಬಗೆಯ ಪ್ರೊಸೆಸರಿನ ಮೇಲೆ ನಡೆಯುವಾಗ ಕೂಡು, ಕಳೆ ಎಂಬ ಆಜ್ಞೆಗಳಲ್ಲಿ ಭೇದವಿರುವುದಿಲ್ಲ. ಭೇದವಿರುವುದು ಕಡತದ ರಚನೆಯಲ್ಲಿ ಮತ್ತು ವ್ಯವಸ್ಥೆಯ ಸೇವೆಗಳನ್ನು ಕೇಳುವ ಕ್ರಮದಲ್ಲಿ. ಮಿನ್‌ಜಿಡಬ್ಲ್ಯು-ಡಬ್ಲ್ಯು64 ಎಂಬ ಸಾಧನಸಮೂಹವು ಈ ವಿಂಡೋಸ್ ಸಂಪ್ರದಾಯಗಳನ್ನೆಲ್ಲ ಬಲ್ಲದು. ಹೀಗೆ ದೊರೆತ ಭಾಗಗಳನ್ನು ಎನ್‌ಎಸ್‌ಐಎಸ್ ಎಂಬ ಇನ್ನೊಂದು ಸಾಧನವು ಒಂದೇ ಇನ್‌ಸ್ಟಾಲರ್ ಆಗಿ ಕಟ್ಟಿಕೊಡುತ್ತದೆ.

ತೊಡಕು ಬೇರೆಡೆಯಿದೆ. ಕಂಪೈಲರಿನ ಆವೃತ್ತಿ, ಜೊತೆಗೆ ಬೇಕಾದ ಹತ್ತಾರು ಲೈಬ್ರರಿಗಳು ಗಣಕದಿಂದ ಗಣಕಕ್ಕೆ ಬೇರೆಯಾದರೆ ಫಲವೂ ಬೇರೆಯಾಗುತ್ತದೆ. ಇಲ್ಲಿಯೇ ಕಂಟೇನರಿನ ಉಪಯೋಗ. ತಿಕೋಟಾದ ಕಡೆ ಒಣದ್ರಾಕ್ಷಿಯ ಶೆಡ್ಡುಗಳನ್ನು ನೋಡಿದವರು ಇದನ್ನು ಸುಲಭವಾಗಿ ಗ್ರಹಿಸಬಲ್ಲರು. ಶೆಡ್ಡು ಹೊಸ ನೆಲವನ್ನು ಸೃಷ್ಟಿಸುವುದಿಲ್ಲ; ಇದ್ದ ನೆಲದ ಮೇಲೆಯೇ ಬಿಸಿಲನ್ನು ತಡೆದು ಬೇಕಾದ ನೆರಳನ್ನೂ ಗಾಳಿಯನ್ನೂ ಒದಗಿಸುತ್ತದೆ. ಕಂಟೇನರ್ ಸಹ ಲಿನಕ್ಸಿನ ಕರ್ನೆಲ್ ಎಂಬ ನೆಲವನ್ನೇ ಹಂಚಿಕೊಂಡು, ಒಳಗಿನ ಕೆಲಸಕ್ಕೆ ಪ್ರತ್ಯೇಕ ಕಡತಕೋಶವನ್ನು ಮಾತ್ರ ತೋರಿಸುತ್ತದೆ. ಈ ಕೋಶದ ಮುದ್ರಿತ ಪ್ರತಿಯೇ ಇಮೇಜ್. ಡಾಕರ್ ಎಂಬ ಸಾಧನವು 2013ರಲ್ಲಿ ಬಂದ ಮೇಲೆ ಈ ಪದ್ಧತಿ ಬಹಳ ಬೇಗ ಹರಡಿತು. ವಿಎಲ್‌ಸಿಯನ್ನು ನಿರ್ಮಿಸುವವರೂ ಇಂತಹ ಇಮೇಜುಗಳನ್ನು ಬಳಸುತ್ತಾರೆ. ಇಮೇಜನ್ನು ಮಾಡುವ ಸೂಚನಾಪಟ್ಟಿಯೊಂದೇ ಸಾಲದು. ವರುಷ ಕಳೆದು ಅದೇ ಪಟ್ಟಿಯಿಂದ ಮಾಡಿದರೆ ಹೊಸ ಆವೃತ್ತಿಗಳು ಒಳನುಸುಳಬಹುದು. ಇಮೇಜನ್ನೇ ಕಾಪಿಡುವುದು ಮೇಲು.

ಹಾಗೆ ತಯಾರಾದ ಕಡತವನ್ನು ಕೊನೆಗೆ ನಿಜವಾದ ವಿಂಡೋಸಿನಲ್ಲಿ ಪರೀಕ್ಷಿಸಲೇಬೇಕು, ಏಕೆಂದರೆ ಕಂಟೇನರಿನ ಅಡಿಯಲ್ಲಿರುವುದು ಲಿನಕ್ಸಿನ ನೆಲ.

ಇಷ್ಟೆಲ್ಲ ಶ್ರಮವೇಕೆ? ಮೂಲಲಿಪಿಯನ್ನು ಯಾರೂ ಓದಬಹುದೆಂಬುದು ಸರಿ. ಆದರೆ ನಾವು ಸ್ಥಾಪಿಸಿಕೊಳ್ಳುವ ಕಡತವು ಆ ಲಿಪಿಯಿಂದಲೇ ಹುಟ್ಟಿತೆಂಬುದಕ್ಕೆ ಸಾಕ್ಷಿಯೇನು? ನಡುವೆ ಯಾರಾದರೂ ದುಷ್ಟ ಭಾಗವೊಂದನ್ನು ಸೇರಿಸಿದ್ದರೆ? ಷಾ-256 ಎಂಬ ಗಣಿತಕ್ರಮವು ಕಡತವೊಂದಕ್ಕೆ 256 ಬಿಟ್ಟುಗಳ ಗುರುತನ್ನು ಕೊಡುತ್ತದೆ. ಕಡತದ ಒಂದೇ ಬಿಟ್ ಬದಲಾದರೂ ಗುರುತು ಬೇರೆಯಾಗುತ್ತದೆ. ವಿಜಯಪುರದಲ್ಲೊಬ್ಬರು, ಪ್ಯಾರಿಸಿನಲ್ಲೊಬ್ಬರು ಒಂದೇ ಮೂಲಲಿಪಿಯನ್ನು ಒಂದೇ ಇಮೇಜಿನಲ್ಲಿ ಅನುವಾದಿಸಿ ಒಂದೇ ಗುರುತನ್ನು ಪಡೆದರೆ ಸಂಶಯವು ಬಹುಮಟ್ಟಿಗೆ ನಿವಾರಣೆಯಾಗುವುದು. ಇದಕ್ಕೂ ಒಂದು ವಿಘ್ನವುಂಟು: ವಿಂಡೋಸ್ ಕಡತದ ಶಿರೋಭಾಗದಲ್ಲಿ ತಯಾರಿಯ ವೇಳೆಯನ್ನು ಬರೆಯುವ ಸ್ಥಾನವೊಂದಿದೆ. ಅಲ್ಲಿ ಇಬ್ಬರೂ ಒಪ್ಪಿದ ಒಂದೇ ವೇಳೆಯನ್ನು ಬರೆಯಿಸದಿದ್ದರೆ, ಉಳಿದುದೆಲ್ಲ ಸಮನಾಗಿದ್ದರೂ ಗುರುತುಗಳು ಕೂಡಿಬರುವುದಿಲ್ಲ.