ತೊಗಲು ಗೊಂಬೆಯ ಸೀಮೆಯಲ್ಲಿ ಜಪಾನಿನ ಚಿತ್ರಕಥೆ

ಚಿತ್ರಗಳ ಮೂಲಕ ಕಥೆ ಹೇಳುವುದು ಮಕ್ಕಳನ್ನು ಸುಮ್ಮನಿರಿಸುವ ಉಪಾಯವೆಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಜಪಾನ್ ದೇಶದಲ್ಲಿ ಈ ಅಭಿಪ್ರಾಯವಿಲ್ಲ. ಅಲ್ಲಿ ಅಚ್ಚಾದ ಚಿತ್ರಕಥೆಗೆ ‘ಮಾಂಗಾ’ ಎಂದು ಹೆಸರು. ಬರೆದ ಚಿತ್ರಗಳಿಗೆ ಚಲನೆಯನ್ನು ಕೊಟ್ಟು ತೆರೆಯ ಮೇಲೆ ತೋರಿಸಿದರೆ ಅದು ‘ಆನಿಮೆ’. ಎಳೆಯ ಓದುಗರಿಗಾಗಿ ಹಗುರವಾದ ಶೈಲಿಯಲ್ಲಿ ಬರೆದು, ನಡುನಡುವೆ ಚಿತ್ರಗಳನ್ನು ಸೇರಿಸಿದ ಪುಟ್ಟ ಕಾದಂಬರಿಗೆ ‘ಲೈಟ್ ನಾವೆಲ್’ ಎನ್ನುತ್ತಾರೆ. ಮಾಂಗಾ ಎಂಬ ಮಾತನ್ನು ಕೇಳಿ ನಮ್ಮವರು ಮಂಗನನ್ನು ನೆನೆದು ನಗಬಹುದು. ಕಿಷ್ಕಿಂಧೆಯ ನೆರೆಯಲ್ಲಿ ಬಾಳುವ ನಮಗೆ ಆ ನಗು ಸಹಜವೇ ಸರಿ.

2021ರಲ್ಲಿ ಹೊಸದಾಗಿ ರೂಪುಗೊಂಡ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಮನೆಗಳಿಗೂ ಟಿವಿ ಮತ್ತು ಮೊಬೈಲಿನ ಮೂಲಕ ಡೋರೆಮಾನ್, ನೊಬಿಟಾ, ಶಿನ್‌ಚಾನ್ ಮೊದಲಾದವರು ಬಂದು ನೆಲೆಸಿದ್ದಾರೆ. ಎಲ್ಲಿಯ ಜಪಾನು, ಎಲ್ಲಿಯ ಕೊಟ್ಟೂರು, ಇದೆಲ್ಲ ನಮ್ಮ ಮಕ್ಕಳಿಗೆ ಯಾಕೆ ಬೇಕು ಎಂದು ಹಿರಿಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ನನಗೆ ತೋರಿದ ಉತ್ತರವನ್ನು ನಿವೇದಿಸುವುದಷ್ಟೇ ಈ ಭಾಷಣದ ಉದ್ದೇಶ.

ಮೊದಲು ನಮ್ಮ ಹಿತ್ತಿಲನ್ನೇ ನೋಡೋಣ. ಬಳ್ಳಾರಿ, ಕೊಪ್ಪಳ, ವಿಜಯನಗರ ಜಿಲ್ಲೆಗಳ ಈ ಸೀಮೆ ತೊಗಲು ಗೊಂಬೆಯಾಟದ ಹಳೆಯ ನೆಲೆ. ಶಿಳ್ಳೇಕ್ಯಾತರೆಂದೂ ಕಿಳ್ಳೇಕ್ಯಾತರೆಂದೂ ಕರೆಯಲ್ಪಡುವ ಕಲಾವಿದರು ತೊಗಲನ್ನು ಹದಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ಅದರ ಮೇಲೆ ಬಣ್ಣದಲ್ಲಿ ಆಕೃತಿಗಳನ್ನು ಬರೆದು ಕತ್ತರಿಸಿ, ಬಿಳಿಯ ಪರದೆಯ ಹಿಂದೆ ದೀಪವಿಟ್ಟು ರಾಮಾಯಣ ಮಹಾಭಾರತಗಳನ್ನು ಆಡಿಸುತ್ತ ಬಂದವರು. ಮಳೆ ಕೈಕೊಟ್ಟ ವರ್ಷ ಊರಿನವರು ಸೇರಿ ಗೊಂಬೆಯಾಟ ಆಡಿಸಿದರೆ ಮಳೆ ಬರುತ್ತದೆಂಬ ನಂಬಿಕೆ ಇತ್ತು. ಕರ್ನಾಟಕದ ಈ ಗೊಂಬೆಗಳಲ್ಲಿ ಒಂದು ವಿಶೇಷವುಂಟು. ಎಲ್ಲ ಗೊಂಬೆಗಳೂ ಒಂದೊಂದು ಪಾತ್ರದವಲ್ಲ. ಕೆಲವು ತೊಗಲುಗಳಲ್ಲಿ ಇಡೀ ಸನ್ನಿವೇಶವೇ ಚಿತ್ರಿತವಾಗಿರುತ್ತದೆ. ಭಾಗವತನು ಆ ತೊಗಲನ್ನು ಪರದೆಗೆ ಒತ್ತಿ ಹಿಡಿದು ಮಾತನಾಡಿ, ಮುಗಿದೊಡನೆ ಅದನ್ನು ತೆಗೆದು ಮುಂದಿನದನ್ನು ಇಡುತ್ತಾನೆ. ಚಿತ್ರಕಥೆಯ ಪುಟದಲ್ಲಿ ಒಂದು ಚೌಕದಿಂದ ಇನ್ನೊಂದು ಚೌಕಕ್ಕೆ ಕಣ್ಣು ಸರಿಯುವುದೂ ಇದೇ ಕ್ರಮದಲ್ಲಿ.

ಈ ಆಟವನ್ನು ನೋಡುತ್ತಿದ್ದವರು ಮಕ್ಕಳು ಮಾತ್ರವಲ್ಲ. ಇಡೀ ಊರು ಬೆಳಗಿನವರೆಗೆ ಕೂತಿರುತ್ತಿತ್ತು. ರಾಮನ ಗಾಂಭೀರ್ಯದ ಪಕ್ಕದಲ್ಲಿಯೇ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯದ ಗೊಂಬೆಗಳು ಬಂದು ಒರಟಾಗಿ ಮಾತನಾಡಿ ನಗಿಸುತ್ತಿದ್ದವು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇದೇ ಪರದೆಯ ಮೇಲೆ ಸ್ವಾತಂತ್ರ್ಯ ಸಂಗ್ರಾಮವನ್ನೂ ಗಾಂಧೀಜಿಯವರ ಜೀವನವನ್ನೂ ತೋರಿಸಿದರು. ಅವರು 2023ರಲ್ಲಿ ತೀರಿಕೊಂಡರು. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ, ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ ಪದ್ಮಶ್ರೀ ಸಂದಿತು. ಚಿತ್ರದಲ್ಲಿ ಕಥೆ ಕಾಣುವ ಕಣ್ಣು ನಮಗೆ ಜಪಾನಿನಿಂದ ಸಾಲ ಬರಬೇಕಾದ ವಸ್ತುವಲ್ಲವೆಂಬುದಕ್ಕೆ ಇಷ್ಟು ಸಾಕು.

ಇನ್ನು ಜಪಾನಿನ ಕಥೆ. ಪ್ರಸಿದ್ಧ ಚಿತ್ರಕಾರ ಹೊಕುಸಾಯ್ 1814ರಲ್ಲಿ ತನ್ನ ರೇಖಾಚಿತ್ರಗಳ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅದಕ್ಕೆ ಮಾಂಗಾ ಎಂಬ ಹೆಸರನ್ನೇ ಇಟ್ಟಿದ್ದ. 1930ರ ದಶಕದಲ್ಲಿ ಅಲ್ಲಿನ ಬೀದಿಗಳಲ್ಲಿ ‘ಕಾಮಿಶಿಬಾಯ್’ ಎಂಬ ಕಾಗದದ ನಾಟಕ ಬಲು ಜನಪ್ರಿಯವಾಗಿತ್ತು. ಸೈಕಲ್ಲಿನ ಹಿಂದೆ ಮರದ ಚೌಕಟ್ಟನ್ನು ಕಟ್ಟಿಕೊಂಡು ಒಬ್ಬಾತ ಬರುತ್ತಿದ್ದ. ಮಕ್ಕಳಿಗೆ ಮಿಠಾಯಿ ಮಾರಿ, ಚೌಕಟ್ಟಿನೊಳಗೆ ಒಂದೊಂದೇ ಚಿತ್ರವನ್ನು ಸರಿಸುತ್ತ ಕಥೆ ಹೇಳುತ್ತಿದ್ದ. ನಮ್ಮ ಶಿಳ್ಳೇಕ್ಯಾತನಿಗೂ ಅವನಿಗೂ ಕಸುಬಿನ ನೆಂಟಸ್ತನವಿದೆ. ಎರಡನೆಯ ಮಹಾಯುದ್ಧದಲ್ಲಿ ಜಪಾನು ಸೋತು ಸುಣ್ಣವಾದ ಮೇಲೆ, ಅಗ್ಗದ ಕಾಗದದ ಮೇಲೆ ಅಗ್ಗದ ಚಿತ್ರಕಥೆಗಳು ಹೊರಬಂದವು. ಆಗ ಮುಂದೆ ಬಂದವನು ಒಸಾಮು ತೆಜುಕಾ. ಅವನು ಸೃಷ್ಟಿಸಿದ ಯಂತ್ರಬಾಲಕ ಆಟಮ್ 1952ರಲ್ಲಿ ಪತ್ರಿಕೆಯಲ್ಲಿ ಹುಟ್ಟಿ, 1963ರಲ್ಲಿ ಟಿವಿಗೆ ಬಂದ. ಇದೇ ತೆಜುಕಾ 1972ರಿಂದ 1983ರವರೆಗೆ ನಮ್ಮ ಬುದ್ಧನ ಜೀವನವನ್ನು ಸಾವಿರಾರು ಪುಟಗಳ ಚಿತ್ರಕಥೆಯಾಗಿ ಬರೆದನೆಂಬುದು ನಾವು ನೆನೆಯಬೇಕಾದ ಸಂಗತಿ.

ಮಾಂಗಾದ ಯಶಸ್ಸಿಗೆ ಕಾರಣವಾದ ಕೆಲವು ಲೆಕ್ಕಾಚಾರಗಳನ್ನು ತಿಳಿಯುವುದು ಒಳ್ಳೆಯದು. ಮೊದಲನೆಯದು ಬೆಲೆ. ಪತ್ರಿಕೆಗೆ ಒರಟು ಕಾಗದ, ಕಪ್ಪುಬಿಳುಪಿನ ಮುದ್ರಣ. ಜನ ಮೆಚ್ಚಿದ ಕಥೆಗಳು ಮಾತ್ರ ಅನಂತರ ಅಂದವಾದ ಪುಸ್ತಕಗಳಾಗುತ್ತವೆ. 1968ರಲ್ಲಿ ಆರಂಭವಾದ ‘ಶೋನೆನ್ ಜಂಪ್’ ಎಂಬ ಪತ್ರಿಕೆ 1990ರ ದಶಕದ ನಡುವಿನಲ್ಲಿ ಅರವತ್ತೈದು ಲಕ್ಷ ಪ್ರತಿಗಳ ಪ್ರಸಾರವನ್ನು ಮುಟ್ಟಿತ್ತು. ಎರಡನೆಯದು ವಯೋಮಾನ. ಹುಡುಗರಿಗೆ, ಹುಡುಗಿಯರಿಗೆ, ಪ್ರಾಯದ ಗಂಡಸರಿಗೆ, ಹೆಂಗಸರಿಗೆ ಬೇರೆಬೇರೆ ಪತ್ರಿಕೆಗಳು. ಅಡುಗೆ, ಆಟ, ಕಚೇರಿ, ಇತಿಹಾಸ ಯಾವುದೂ ಕಥೆಗೆ ಹೊರತಲ್ಲ. ಮೂರನೆಯದು ನಿಧಾನ. ಮಳೆಹನಿ ಬೀಳುವುದನ್ನೋ, ಒಬ್ಬ ಮುದುಕಿ ಬಾಗಿಲಲ್ಲಿ ನಿಂತಿರುವುದನ್ನೋ ತೋರಿಸಲು, ಒಂದು ಮಾತೂ ಇಲ್ಲದೆ, ಇಡೀ ಪುಟವನ್ನೇ ಕೊಡಲು ಅಲ್ಲಿನ ಚಿತ್ರಕಾರ ಹಿಂಜರಿಯುವುದಿಲ್ಲ.

ಇವುಗಳಲ್ಲಿ ವಯೋಮಾನದ ಮಾತು ನನಗೆ ಬಹು ಮುಖ್ಯವಾಗಿ ಕಾಣುತ್ತದೆ. ಹಿರೋಶಿಮಾದ ಮೇಲೆ ಅಣುಬಾಂಬು ಬಿದ್ದಾಗ ಕೇಯಿಜಿ ನಕಾಜಾವಾ ಆರು ವರ್ಷದ ಬಾಲಕ. ತಂದೆ, ಅಕ್ಕ, ತಮ್ಮ ಮೂವರನ್ನೂ ಅವನು ಅಂದು ಕಳೆದುಕೊಂಡ. ಬೆಳೆದು ಚಿತ್ರಕಾರನಾಗಿ ಆ ಅನುಭವವನ್ನೇ ‘ಬರಿಗಾಲಿನ ಗೆನ್’ ಎಂಬ ಕಥೆಯಾಗಿಸಿದ. 1973ರಲ್ಲಿ ಅದು ಮೊದಲು ಅಚ್ಚಾದುದು ಹುಡುಗರ ಪತ್ರಿಕೆಯಾದ ಶೋನೆನ್ ಜಂಪ್‌ನಲ್ಲಿಯೇ. 1988ರಲ್ಲಿ ಇಸಾವೊ ತಕಹಾತಾ ನಿರ್ದೇಶಿಸಿದ ‘ಮಿಂಚುಹುಳುಗಳ ಸಮಾಧಿ’ ಎಂಬ ಆನಿಮೆಯಲ್ಲಿ, ಯುದ್ಧದ ಕೊನೆಯ ದಿನಗಳಲ್ಲಿ ತಬ್ಬಲಿಗಳಾದ ಅಣ್ಣ ತಂಗಿ ಹಸಿವಿನಿಂದ ಸಾಯುತ್ತಾರೆ. ಅದೇ ದಿನ ಅದರ ಜೊತೆಗೇ ಬಿಡುಗಡೆಯಾದ ಹಯಾವೊ ಮಿಯಾಜಾಕಿಯ ‘ನೆರೆಮನೆಯ ತೊತೊರೊ’ದಲ್ಲಿ ಒಬ್ಬ ಖಳನೂ ಇಲ್ಲ, ತಾಯಿ ಆಸ್ಪತ್ರೆಯಲ್ಲಿರುವಾಗ ಹಳ್ಳಿಗೆ ಬಂದ ಇಬ್ಬರು ಹೆಣ್ಣುಮಕ್ಕಳ ದಿಗಿಲು ಮತ್ತು ಬೆರಗು ಮಾತ್ರ. ಮಕ್ಕಳಿಗೆ ಇಂಥ ದುಃಖವನ್ನು ತೋರಿಸಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ದುಃಖವನ್ನು ಕಂಡ ಮಕ್ಕಳಿರುವ ಊರಿನಲ್ಲಿ ದುಃಖದ ಕಥೆಯೂ ಇರಬೇಕಾಗುತ್ತದೆ.

ಗುಣ ಹೇಳಿದಂತೆ ದೋಷವನ್ನೂ ಹೇಳಬೇಕು. ಮಾಂಗಾ ಆನಿಮೆಗಳಲ್ಲಿ ಕಾಳಿಗಿಂತ ಜೊಳ್ಳೇ ಹೆಚ್ಚು. ನೂರಾರು ಕಂತುಗಳವರೆಗೆ ಎಳೆದ ಹೊಡೆದಾಟ, ಹೆಣ್ಣಿನ ದೇಹವನ್ನು ಅಂಗಡಿಯ ಸರಕಿನಂತೆ ತೋರಿಸುವ ಚಾಳಿ, ಯಾರದ್ದೂ ಅಲ್ಲದ ಒಂದೇ ಅಚ್ಚಿನ ಮುಖಗಳು ಅಲ್ಲಿ ಹೇರಳವಾಗಿವೆ. ವಯಸ್ಸಿಗೆ ತಕ್ಕಂತೆ ಅಲ್ಲಿ ವಿಂಗಡಿಸಿಟ್ಟ ಕೃತಿಗಳು ಇಲ್ಲಿ ಮೊಬೈಲಿನಲ್ಲಿ ಕಲಸಿಹೋಗಿ ಎಲ್ಲವೂ ಎಲ್ಲರ ಕೈಗೂ ಸಿಗುತ್ತಿವೆ. ಕಾರ್ಟೂನು ತಾನೇ ಎಂದು ತಂದೆತಾಯಿಗಳು ಕಣ್ಣು ಹಾಯಿಸದೆ ಬಿಡುವುದು ಇದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಟ್ಟಿದೆ. ಪುಸ್ತಕವಾಗಲಿ ಚಿತ್ರವಾಗಲಿ, ಮಗುವಿನ ಜೊತೆ ಹತ್ತು ನಿಮಿಷ ಕೂತು ನೋಡುವುದಕ್ಕಿಂತ ಉತ್ತಮವಾದ ಪರೀಕ್ಷೆ ಬೇರೊಂದಿಲ್ಲ.

ಲೈಟ್ ನಾವೆಲ್ಲುಗಳ ವಿಷಯವನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಜೇಬಿನಲ್ಲಿ ಹಿಡಿಸುವ ಗಾತ್ರ, ಚಿಕ್ಕ ಚಿಕ್ಕ ವಾಕ್ಯ, ತುಂಬ ಸಂಭಾಷಣೆ, ಮಾಂಗಾ ಶೈಲಿಯ ಕೆಲವು ಚಿತ್ರಗಳು, ಇವು ಅದರ ಲಕ್ಷಣ. ಈಚಿನವುಗಳಲ್ಲಿ ಬಹಳಷ್ಟು, ಈ ಲೋಕದಲ್ಲಿ ಸೋತವನು ಬೇರೊಂದು ಮಾಯಾಲೋಕದಲ್ಲಿ ಹುಟ್ಟಿ ಶೂರನಾಗುವ ಒಂದೇ ಎಳೆಯ ಮೇಲೆ ನಿಂತಿವೆ. ಅವುಗಳಲ್ಲಿ ಉಳಿಯುವಂಥ ಸಾಹಿತ್ಯ ಕಡಮೆ. ಆದರೂ ಅವನ್ನು ಹೀಗಳೆಯಲು ನಾನು ಸಿದ್ಧನಿಲ್ಲ. ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರನ್ನು ವಿಮರ್ಶಕರು ಎಣಿಕೆಗೆ ತೆಗೆದುಕೊಳ್ಳಲಿಲ್ಲ. ಆದರೆ ಅವರ ಪುರುಷೋತ್ತಮನ ಬೆನ್ನು ಹತ್ತಿ ಓದು ಕಲಿತ ಕನ್ನಡಿಗರು ಅಸಂಖ್ಯ. ವಾರಪತ್ರಿಕೆಗಳ ಧಾರಾವಾಹಿಗಳೂ ಮಾಡಿದ್ದು ಇದನ್ನೇ. ಹಗುರವಾದ ಪುಸ್ತಕ ಭಾರವಾದ ಪುಸ್ತಕಕ್ಕೆ ಮೆಟ್ಟಿಲಾಗಬಲ್ಲದು, ಆ ಮೆಟ್ಟಿಲು ಓದುಗನ ಭಾಷೆಯಲ್ಲಿದ್ದರೆ.

ನನ್ನ ಮುಖ್ಯ ಕಳವಳ ಇರುವುದು ಈ ಭಾಷೆಯ ವಿಷಯದಲ್ಲಿಯೇ. 1993ರಲ್ಲಿ ದೂರದರ್ಶನದಲ್ಲಿ ಭಾನುವಾರದ ಬೆಳಿಗ್ಗೆ ಬರುತ್ತಿದ್ದ ಮೋಗ್ಲಿಯ ಕಥೆ ಜಪಾನಿನಲ್ಲಿ ತಯಾರಾದುದು; ನಮ್ಮ ಮಕ್ಕಳಿಗೆ ಅದು ಹಿಂದಿಯಲ್ಲಿ ಮಾತನಾಡಿತು. ಯೂಗೋ ಸಾಕೋ ಎಂಬ ಜಪಾನಿ, ಭಾರತದ ರಾಮ್ ಮೋಹನ್ ಅವರೊಡನೆ ಸೇರಿ, 1990ರ ದಶಕದ ಆದಿಯಲ್ಲಿ ರಾಮಾಯಣವನ್ನೇ ಆನಿಮೆಯಾಗಿ ತೆಗೆದ. ದೇವರ ಕಥೆಯನ್ನು ಕಾರ್ಟೂನು ಮಾಡುವುದೇ ಎಂದು ಆಗ ಇಲ್ಲಿ ಆಕ್ಷೇಪಗಳು ಎದ್ದವು. ರಾಮನನ್ನು ತೊಗಲಿನಲ್ಲಿ ಕುಣಿಸಿದ ಸೀಮೆಯವರಿಗೆ ಈ ಆಕ್ಷೇಪ ವಿಚಿತ್ರವಾಗಿ ಕಂಡರೆ ತಪ್ಪಿಲ್ಲ. ಅದೇ ಚಿತ್ರ 2025ರ ಜನವರಿಯಲ್ಲಿ ಭಾರತದ ಚಿತ್ರಮಂದಿರಗಳಿಗೆ ಬಂದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಭಾಷೆಗಳಲ್ಲಿತ್ತು. ಕನ್ನಡದಲ್ಲಿರಲಿಲ್ಲ. ಹಂಪೆ ಆನೆಗೊಂದಿಗಳ ಬಂಡೆಗಳನ್ನು ಕಿಷ್ಕಿಂಧೆಯೆಂದು ಪೂಜಿಸುವ ಜನ, ಹನುಮಂತನ ಮಾತನ್ನು ಪರಭಾಷೆಯಲ್ಲಿ ಕೇಳಬೇಕಾಯಿತು.

ಇದರ ಹಿಂದೆ ಒಂದು ಚರಿತ್ರೆಯಿದೆ. ಕನ್ನಡ ಚಿತ್ರಗಳು ಕಣ್ಣುಬಿಡುತ್ತಿದ್ದ 1960ರ ದಶಕದಲ್ಲಿ, ಅನಕೃ, ಮ. ರಾಮಮೂರ್ತಿ ಮೊದಲಾದವರ ಹೋರಾಟದ ಫಲವಾಗಿ, ಡಬ್ಬಿಂಗಿಗೆ ಕರ್ನಾಟಕದಲ್ಲಿ ಅಲಿಖಿತ ತಡೆ ಬಿದ್ದಿತು. ಎಳೆಯ ಸಸಿಗೆ ಬೇಲಿ ಬೇಕಿತ್ತು. ಅವರ ಉದ್ದೇಶ ದೊಡ್ಡದು. ಆದರೆ ಬೇಲಿ ದಶಕಗಳ ಕಾಲ ಹಾಗೆಯೇ ನಿಂತಿತು. 2015ರಲ್ಲಿ ಭಾರತದ ಸ್ಪರ್ಧಾ ಆಯೋಗ ಈ ತಡೆ ಸಲ್ಲದೆಂದು ತೀರ್ಪಿತ್ತಿತು. 2017ರಿಂದ ಡಬ್ ಆದ ಚಿತ್ರಗಳು ಕನ್ನಡಕ್ಕೆ ಬರತೊಡಗಿದವು. 2009ರಲ್ಲಿ ಚಿಂಟು ಟಿವಿ ಎಂಬ ಮಕ್ಕಳ ವಾಹಿನಿ ಆರಂಭವಾದದ್ದೂ, ಈಚೆಗೆ ಬೇರೆ ಕೆಲವು ವಾಹಿನಿಗಳು ಕನ್ನಡದ ಧ್ವನಿ ಕೊಡುತ್ತಿರುವುದೂ ಸಮಾಧಾನದ ವಿಷಯ. ಆದರೂ ಒಂದೆರಡು ತಲೆಮಾರುಗಳ ಮಕ್ಕಳು ತಮ್ಮ ಬಾಲ್ಯದ ಬೆರಗನ್ನು ಪರಭಾಷೆಯಲ್ಲಿಯೇ ಪಡೆದರು. ಬೆರಗು ಹುಟ್ಟಿದ ಭಾಷೆಯನ್ನು ಮನಸ್ಸು ಬೇಗ ಬಿಡುವುದಿಲ್ಲ.

ನಮ್ಮಲ್ಲಿ ಶಕ್ತಿಯಿರಲಿಲ್ಲವೇ? ಇತ್ತು. ಕನ್ನಡ ‘ಚಂದಮಾಮ’ 1949ರಿಂದ ದಶಕಗಳ ಕಾಲ ಮನೆಮನೆಗೆ ಬಂತು. ದೇಶವೆಲ್ಲ ಬಲ್ಲ ಅಮರ ಚಿತ್ರಕಥೆಯ ಮೊದಲ ಪುಸ್ತಕಗಳು 1965ರಲ್ಲಿ ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಅಚ್ಚಾದದ್ದು ಕನ್ನಡದಲ್ಲಿಯೇ. ಅನಂತರ ಅದನ್ನು ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದವರು. ಬೀಜ ನಮ್ಮದಾಗಿತ್ತು. ಆದರೆ ನಾವು ಚಿತ್ರಕಥೆಯನ್ನು ಪುರಾಣ ಮತ್ತು ನೀತಿಪಾಠಗಳ ಅಂಗಳದಲ್ಲಿಯೇ ನಿಲ್ಲಿಸಿ, ದೊಡ್ಡವರ ಬದುಕಿನೊಳಗೆ ಕರೆಯಲಿಲ್ಲ. ಜಪಾನಿಗೂ ನಮಗೂ ಇರುವ ಅಂತರ ಇಷ್ಟರಲ್ಲಿದೆ.

ಆದುದರಿಂದ ಜಪಾನಿನಿಂದ ಕಲಿಯಬೇಕಾದುದು ದೊಡ್ಡ ಕಣ್ಣುಗಳನ್ನೂ ಚೂಪು ಕೂದಲನ್ನೂ ಬರೆಯುವ ವಿದ್ಯೆಯನ್ನಲ್ಲ. ಸ್ವಂತ ಬೀದಿಯನ್ನು ಚಿತ್ರಿಸುವ ಧೈರ್ಯವನ್ನು. ನಕಾಜಾವಾ ತನ್ನ ಊರಿನ ಬೂದಿಯನ್ನು ಬರೆದ. ನಮ್ಮ ಸೀಮೆಯಲ್ಲಿ ಬರೆಯಲು ಏನಿಲ್ಲ? 1876ರಿಂದ 78ರವರೆಗೆ ಬಳ್ಳಾರಿ ಜಿಲ್ಲೆಯನ್ನು ನುಂಗಿದ ಧಾತು, ಈಶ್ವರ ಸಂವತ್ಸರಗಳ ಬರವಿದೆ. ತುಂಗಭದ್ರೆಯ ಜಲಾಶಯದಲ್ಲಿ ಮುಳುಗಿದ ಊರುಗಳಿವೆ. ಮೈಲಾರದ ಕಾರಣಿಕದ ದಿನ ಬಿಲ್ಲನ್ನೇರಿದ ಗೊರವಯ್ಯನ ಒಂದು ನುಡಿಗಾಗಿ ಉಸಿರು ಬಿಗಿಹಿಡಿದ ಜನಸಾಗರವಿದೆ. ಮಾತಿಲ್ಲದ ಒಂದು ಪುಟ ಅದಕ್ಕೆ ಹೇಳಿ ಮಾಡಿಸಿದ್ದು. ಎಲ್ಲಕ್ಕಿಂತ ಹೆಚ್ಚಾಗಿ, ಮಳೆಯಿಲ್ಲದ ವರ್ಷ ಅಪ್ಪ ಅವ್ವ ಗುಳೆ ಹೋದ ಮೇಲೆ ಅಜ್ಜಿಯ ಜೊತೆ ಊರಿನಲ್ಲಿ ಉಳಿದು ಶಾಲೆಗೆ ಹೋಗುವ ಕೂಡ್ಲಿಗಿಯ ಮಗುವಿದೆ. ತೊತೊರೊದ ಹೆಣ್ಣುಮಕ್ಕಳು ತಾಯಿಗಾಗಿ ಕಾಯುವುದನ್ನು ನೋಡಿ ಆ ಮಗುವಿಗೆ ಕಣ್ಣು ತುಂಬಿದರೆ ಆಶ್ಚರ್ಯವಿಲ್ಲ. ಅದರದೇ ಕಾಯುವಿಕೆಯನ್ನು ಅದರದೇ ಮಾತಿನಲ್ಲಿ ಬರೆದ ಪುಸ್ತಕ ಅದರ ಕೈಗೆ ಬರಬೇಡವೇ?

ಇದಕ್ಕೆ ದೊಡ್ಡ ಬಂಡವಾಳ ಬೇಡ. ಕಪ್ಪುಶಾಯಿ, ಅಗ್ಗದ ಕಾಗದ, ಶಾಲೆಯ ಚಿತ್ರಕಲಾ ಮಾಸ್ತರು, ಕಥೆ ಬಲ್ಲ ಒಬ್ಬ ಅಜ್ಜಿ ಇದ್ದರೆ ಆರಂಭಕ್ಕೆ ಸಾಕು. ಶಿಳ್ಳೇಕ್ಯಾತರ ಮನೆಗಳಲ್ಲಿ ಇನ್ನೂ ಉಳಿದಿರುವ ತೊಗಲಿನ ಚಿತ್ರಗಳನ್ನು ಹುಡುಗರಿಗೆ ಒಮ್ಮೆ ತೋರಿಸಿದರೆ, ರೇಖೆಯ ಪಾಠವನ್ನೂ ಅವರು ಅಲ್ಲಿಯೇ ಕಲಿತಾರು. ಜಪಾನಿನ ಚಿತ್ರಗಳನ್ನು ಮಕ್ಕಳು ನೋಡಲಿ. ಒಳ್ಳೆಯದನ್ನು ಆರಿಸಿ, ಕನ್ನಡದಲ್ಲಿ ನೋಡಲಿ. ಜೊತೆಗೆ ನಮ್ಮ ಪರದೆಯ ಹಿಂದಿನ ದೀಪಕ್ಕೆ ಎಣ್ಣೆ ಹೊಯ್ಯುವ ಕೆಲಸವನ್ನು ನಾವು ಮರೆಯದಿರೋಣ.