ಎತ್ತರದ ಹುಡುಗನಿಗೆ ಬಾಲ್ ಕೊಡೋದು ಹೇಗೆ?

ಹೋದ ಸೆಮಿಸ್ಟರ್‌ನ ಅಂತರ ಕಾಲೇಜು ವಾಲಿಬಾಲ್ ಪಂದ್ಯಾವಳಿಯಲ್ಲಿ ನಾವು ಮೊದಲ ಸುತ್ತಿನಲ್ಲೇ ಸೋತು ಬಂದ್ವಿ. ಆವತ್ತು ರಾತ್ರಿ ಹಾಸ್ಟೆಲ್ ಮೆಸ್‌ನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಊಟ ಮುಗಿಯೋ ಹೊತ್ತಿಗೆ ನಮ್ಮ ತಂಡದ ಅತಿ ಎತ್ತರದ ಹುಡುಗ ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದ: "ನಾ ಇನ್ನ ಆಡಂಗಿಲ್ಲ. ನಾನೇನ್ ಪ್ಲೇಯರೋ, ಗ್ವಾಡಿಯೋ? ಗ್ವಾಡಿನ ಬೇಕಂದ್ರ ಇಟ್ಟಂಗಿ ತಂದು ಕಟ್ಕೋರಿ."

ನಮಗೆ ನಗು ಬಂತು. ಅವನು ನಗಲಿಲ್ಲ. ಅವನಿಗೆ ಒಂದು ಸಬ್ಜೆಕ್ಟ್ ಬ್ಯಾಕ್ ಇತ್ತು, ಸಂಜೆ ಎರಡು ತಾಸು ಗ್ರೌಂಡ್‌ನಲ್ಲಿ ಕಳೆಯೋದಕ್ಕೆ ಮನೆಯಲ್ಲಿ ಬೈಗುಳ ಬೇರೆ. ಇಷ್ಟೆಲ್ಲ ಮಾಡಿ ಪಂದ್ಯದಲ್ಲಿ ಬಾಲ್ ಮುಟ್ಟೋಕೆ ಸಿಗಲ್ಲ ಅಂದ್ರೆ ಯಾಕೆ ಬರಬೇಕು ಅನ್ನೋದು ನ್ಯಾಯವಾದ ಪ್ರಶ್ನೆಯೇ. ಮರುದಿನ ನಾವು ಮೊಬೈಲ್‌ನಲ್ಲಿ ತೆಗೆದಿದ್ದ ಪಂದ್ಯದ ವಿಡಿಯೋ ಹಾಕಿಕೊಂಡು ಕೂತ್ವಿ. ಎರಡು ಸೆಟ್‌ನಲ್ಲಿ ಅವನಿಗೆ ಹೊಡೆಯಲು ಸಿಕ್ಕ ಬಾಲ್ ನಾಲ್ಕೇ ನಾಲ್ಕು. ಅದರಲ್ಲಿ ಮೂರು ಪಾಯಿಂಟ್ ಆಗಿದ್ದವು.

ಆರಡಿ ನಾಲ್ಕಿಂಚಿನ ಹುಡುಗ, ನಾಲ್ಕು ಬಾಲ್. ತಪ್ಪು ಯಾರದು? ಹುಡುಕುತ್ತಾ ಹೋದಂತೆ ಉತ್ತರ ನಾವಂದುಕೊಂಡಷ್ಟು ಸುಲಭ ಇರಲಿಲ್ಲ. ನಮಗೆ ಗೊತ್ತಾದದ್ದನ್ನು ವಾಲಿಬಾಲ್ ಗೊತ್ತಿಲ್ಲದವರಿಗೂ ಅರ್ಥ ಆಗೋ ಹಾಗೆ ಬರೆಯೋ ಪ್ರಯತ್ನ ಇದು. ನಾವು ಇಂಗ್ಲಿಷ್ ಮೀಡಿಯಂ ಮಂದಿ, ಕಾಗುಣಿತ ಅಲ್ಲಲ್ಲಿ ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಒಂದು ರಸ್ತೆ, ಮೂರು ಊರು

ನಮ್ಮ ಹಾಸ್ಟೆಲ್‌ನಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ, ಊರ ಹೆಸರೇ ಹೆಸರು. ಎತ್ತರದವನು ಮಸ್ಕಿ. ಬಾಲ್ ಎತ್ತಿಕೊಡುವ ಸೆಟ್ಟರ್ ಸಿಂಧನೂರು. ಎದುರಾಳಿಯ ಸರ್ವ್ ತಗೊಳ್ಳೋದು, ಎಡ ತುದಿಯಿಂದ ಹೊಡೆಯೋದು ಎರಡನ್ನೂ ಮಾಡುವವನು ಲಿಂಗಸುಗೂರು.

ರಾಯಚೂರು ಜಿಲ್ಲೆಯವರಿಗೆ ಇಷ್ಟರಲ್ಲೇ ಜೋಕ್ ಹೊಳೆದಿರಬೇಕು. ಮೂರೂ ಊರು ಒಂದೇ ಹೆದ್ದಾರಿ ಮೇಲಿವೆ. ಲಿಂಗಸುಗೂರು ಒಂದು ಕಡೆ, ಸಿಂಧನೂರು ಇನ್ನೊಂದು ಕಡೆ, ನಡುವೆ ಮಸ್ಕಿ. ಅಶೋಕನ ಹೆಸರು ಇರುವ ಶಾಸನ 1915ರಲ್ಲಿ ಸಿಕ್ಕಿದ್ದು ಇದೇ ಮಸ್ಕಿಯ ಗುಡ್ಡದಲ್ಲಿ. ನಮ್ಮ ತಂಡದಲ್ಲೂ ಮಸ್ಕಿ ನಿಲ್ಲೋದು ನಡುವೆಯೇ, ನೆಟ್ ಹತ್ತಿರ. ಬಾಲ್ ಸಿಂಧನೂರಿನ ಕೈಯಿಂದ ಹೊರಟು ಸೀದಾ ಲಿಂಗಸುಗೂರಿಗೆ. ಮಸ್ಕಿಯಲ್ಲಿ ಸ್ಟಾಪ್ ಇಲ್ಲ. "ನಮ್ಮೂರಾಗ ನಿಲ್ಲದ ಬಸ್ಸಿನಂಗ ಆಗೇತಿ ನಿಮ್ ಆಟ" ಅಂತ ಅವನೇ ಒಮ್ಮೆ ಅಂದಿದ್ದ.

ನಡುವಿನ ಆಟಗಾರನ ಕೆಲಸ ಏನು?

ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಪುರುಷರ ನೆಟ್ 2.43 ಮೀಟರ್ ಎತ್ತರ, ಮಹಿಳೆಯರದು 2.24. ಒಂದು ತಂಡ ಮೂರು ಸಲ ಬಾಲ್ ಮುಟ್ಟಬಹುದು: ತಗೊಳ್ಳೋದು, ಎತ್ತೋದು, ಹೊಡೆಯೋದು. ಮುಂದೆ ಮೂವರು, ಹಿಂದೆ ಮೂವರು. ಎದುರಾಳಿಯಿಂದ ಸರ್ವ್ ಗೆದ್ದಾಗಲೆಲ್ಲ ಎಲ್ಲರೂ ಒಂದೊಂದು ಸ್ಥಾನ ಸುತ್ತಬೇಕು.

ಮುಂದಿನ ಸಾಲಿನ ನಡುವೆ ನಿಲ್ಲುವವನನ್ನು ಮಿಡಲ್ ಬ್ಲಾಕರ್ ಅಂತಾರೆ. ಆ ಹೆಸರಿನಲ್ಲೇ ಮೋಸ ಇದೆ. ಬ್ಲಾಕರ್ ಅಂದ ಕೂಡಲೇ ತಡೆಯೋದಷ್ಟೇ ಅವನ ಕೆಲಸ ಅಂದುಕೊಳ್ತೀವಿ. ಮಸ್ಕಿ ನಿಂತಲ್ಲೇ ಕೈ ಎತ್ತಿದರೆ ಬೆರಳು ಸುಮಾರು 2.5 ಮೀಟರ್ ಮುಟ್ಟುತ್ತೆ, ಅಂದರೆ ಹಾರದೆಯೇ ನೆಟ್‌ಗಿಂತ ಮೇಲೆ. ಇಂಥವನನ್ನು ಕಂಡವರಿಗೆಲ್ಲ ಮೊದಲು ಹೊಳೆಯೋದು ಗೋಡೆಯೇ. ಆದರೆ ಆ ಎತ್ತರ ತಡೆಯೋಕೆ ಎಷ್ಟು ಉಪಯೋಗವೋ ಹೊಡೆಯೋಕೂ ಅಷ್ಟೇ ಉಪಯೋಗ. ಒಳ್ಳೆ ತಂಡಗಳಲ್ಲಿ ನಡುವಿನವನು ಎರಡನ್ನೂ ಮಾಡ್ತಾನೆ. ನಮ್ಮ ಕರ್ನಾಟಕದ ಅಶ್ವಲ್ ರೈ ಇದೇ ಜಾಗದ ಆಟಗಾರ. 2022ರ ಮೊದಲ ಪ್ರೈಮ್ ವಾಲಿಬಾಲ್ ಲೀಗ್ ಗೆದ್ದ ಕೋಲ್ಕತ್ತಾ ಥಂಡರ್‌ಬೋಲ್ಟ್ಸ್ ತಂಡಕ್ಕೆ ಅವರೇ ನಾಯಕ.

ಬಾಲ್ ಯಾಕೆ ತಲುಪಲ್ಲ?

ವಿಡಿಯೋ ನೋಡುವಾಗ ಮೊದಲು ಎಲ್ಲರೂ ಸಿಂಧನೂರಿನ ಮೇಲೆ ಬಿದ್ವಿ, "ಯಾಕಲೇ ಅವಂಗ ಕೊಡಂಗಿಲ್ಲ?" ಅಂತ. ಅವನು ವಿಡಿಯೋ ಹಿಂದಕ್ಕೆ ಓಡಿಸಿ ಒಂದೇ ಮಾತು ಹೇಳಿದ: "ನನಗ ಬಾಲ್ ಎಲ್ಲಿ ಬಂದೈತಿ ನೋಡ್ರಿ ಮೊದಲ."

ನೋಡಿದ್ವಿ. ಸರ್ವ್ ತಗೊಂಡ ಬಾಲ್ ಬಹಳ ಸಲ ನೆಟ್‌ನಿಂದ ನಾಲ್ಕೈದು ಮೀಟರ್ ಹಿಂದೆ ಬೀಳ್ತಿತ್ತು. ಅಲ್ಲಿಂದ ಸೆಟ್ಟರ್‌ಗೆ ಉಳಿಯೋದು ಒಂದೇ ದಾರಿ, ಎತ್ತರಕ್ಕೆ ಎತ್ತಿ ತುದಿಗೆ ಕಳಿಸೋದು. ನಡುವಿನವನಿಗೆ ಕೊಡಬೇಕಾದ್ದು ಗಿಡ್ಡ, ವೇಗದ ಬಾಲ್. ಅದಕ್ಕೆ ಸೆಟ್ಟರ್ ನೆಟ್ ಹತ್ತಿರವೇ ಇರಬೇಕು. ಅಂದರೆ ಮಸ್ಕಿಗೆ ಬಾಲ್ ಸಿಗದಿರೋದಕ್ಕೆ ಕಾರಣ ಮಸ್ಕಿಯೂ ಅಲ್ಲ, ಸಿಂಧನೂರೂ ಅಲ್ಲ. ಹಿಂದೆ ನಿಂತು ಸರ್ವ್ ತಗೊಳ್ಳುವ ನಾವು. ನಿಜ ಹೇಳಬೇಕಂದ್ರೆ ಇದನ್ನು ಒಪ್ಪಿಕೊಳ್ಳೋಕೆ ನಮಗೆ ಎರಡು ದಿನ ಹಿಡೀತು.

ಎರಡನೇ ಕಾರಣ ಭಯ. ಒಮ್ಮೆ ವೇಗದ ಬಾಲ್ ಕೊಟ್ಟು ಇಬ್ಬರ ಟೈಮಿಂಗ್ ತಪ್ಪಿದರೆ ನೋಡುವವರ ಕಣ್ಣಿಗೆ ಅದು ತುಂಬಾ ಪೆದ್ದಾಗಿ ಕಾಣುತ್ತೆ. ಮಸ್ಕಿ ಗಾಳಿಯಲ್ಲಿ ಕೈ ಬೀಸ್ತಾನೆ, ಬಾಲ್ ಪಕ್ಕದಲ್ಲಿ ಬೀಳುತ್ತೆ. ಗ್ಯಾಲರಿ ನಗುತ್ತೆ. ಸೆಟ್ಟರ್ ಮುಂದಿನ ಹತ್ತು ಬಾಲ್ ಸುರಕ್ಷಿತ ದಾರಿಗೇ ಕಳಿಸ್ತಾನೆ.

ಮೂರನೇದು ನಿಯಮದ ಲೆಕ್ಕ. ಆರು ಸುತ್ತಿನಲ್ಲಿ ಒಬ್ಬ ಆಟಗಾರ ಮುಂದಿನ ಸಾಲಿನಲ್ಲಿ ಇರೋದು ಮೂರು ಸುತ್ತು ಮಾತ್ರ. ಎತ್ತರದವರು ಹಿಂದೆ ಬಂದಾಗ ಅವರ ಬದಲು ಲಿಬೆರೋ ಅನ್ನೋ ಬೇರೆ ಬಣ್ಣದ ಶರ್ಟಿನ ಆಟಗಾರ ಒಳಗೆ ಬರ್ತಾನೆ. 1998ರಲ್ಲಿ ಅಂತರರಾಷ್ಟ್ರೀಯ ಆಟಕ್ಕೆ ಬಂದ ಈ ನಿಯಮದಿಂದ ರಕ್ಷಣೆ ಚೆನ್ನಾಯ್ತು, ಆದರೆ ಮಸ್ಕಿಯಂಥವನು ಹೆಚ್ಚುಕಡಿಮೆ ಅರ್ಧ ಪಂದ್ಯ ಹೊರಗೇ ನಿಲ್ತಾನೆ. ಹಾಗಾಗಿ ಅವನು ಮುಂದಿರುವ ಆ ಮೂರು ಸುತ್ತು ಚಿನ್ನ ಇದ್ದಂತೆ. ಹಟ್ಟಿ ಗಣಿ ಲಿಂಗಸುಗೂರು ತಾಲ್ಲೂಕಿನಲ್ಲೇ ಇದ್ದರೂ ಚಿನ್ನ ಹೊರಗೆ ತೆಗೆಯೋದು ನಮಗೆ ಗೊತ್ತಿರಲಿಲ್ಲ!

0.35 ಸೆಕೆಂಡಿನ ಲೆಕ್ಕ

ಇಂಜಿನಿಯರಿಂಗ್ ಹುಡುಗರು ಅಂದಮೇಲೆ ಲೆಕ್ಕ ಮಾಡದೆ ಬಿಡ್ತೀವಾ? ಪಿಯುಸಿ ಫಿಸಿಕ್ಸ್ ಸಾಕು.

ಸಿಂಧನೂರು ತುದಿಗೆ ಎತ್ತರದ ಬಾಲ್ ಕಳಿಸ್ತಾನೆ ಅಂದುಕೊಳ್ಳಿ. ಅವನ ಕೈಯಿಂದ 2.2 ಮೀಟರ್ ಎತ್ತರದಲ್ಲಿ ಹೊರಟ ಬಾಲ್ 5.5 ಮೀಟರ್‌ವರೆಗೆ ಏರಿ, ಮತ್ತೆ 3 ಮೀಟರ್‌ಗೆ ಇಳಿದಾಗ ಲಿಂಗಸುಗೂರು ಹೊಡೀತಾನೆ. ಏರೋಕೆ 0.82 ಸೆಕೆಂಡು, ಇಳಿಯೋಕೆ 0.71. ಒಟ್ಟು ಸುಮಾರು ಒಂದೂವರೆ ಸೆಕೆಂಡು. ಅಷ್ಟರಲ್ಲಿ ಎದುರಾಳಿಯ ನಡುವಿನ ಬ್ಲಾಕರ್ ಮೂರು ಹೆಜ್ಜೆ ಪಕ್ಕಕ್ಕೆ ಸರಿದು ಆರಾಮಾಗಿ ಗೋಡೆ ಕಟ್ಟಬಹುದು. ನಮ್ಮ ಲಿಂಗಸುಗೂರಿನ ಎದುರು ಪ್ರತಿ ಸಲ ಇಬ್ಬರು ಬ್ಲಾಕರ್ ಯಾಕೆ ನಿಂತಿರ್ತಿದ್ರು ಅನ್ನೋದಕ್ಕೆ ಉತ್ತರ ಇದೇ.

ಈಗ ವೇಗದ ಬಾಲ್. ಸೆಟ್ಟರ್ ಕೈಯಿಂದ 2.4 ಮೀಟರ್‌ನಲ್ಲಿ ಹೊರಟು 3 ಮೀಟರ್‌ಗೆ ಏರುತ್ತೆ, ಅಲ್ಲೇ ಹೊಡೀಬೇಕು. 60 ಸೆಂಟಿಮೀಟರ್ ಏರೋಕೆ 0.35 ಸೆಕೆಂಡು. ಎದುರಾಳಿ ಬ್ಲಾಕರ್ ಇದನ್ನು ನೋಡಿ, ಅರ್ಥ ಮಾಡಿಕೊಳ್ಳೋಕೆ ಕಡಿಮೆ ಅಂದ್ರೂ 0.2 ಸೆಕೆಂಡು ಬೇಕು. ಆಮೇಲೆ 40 ಸೆಂಟಿಮೀಟರ್ ಮೇಲೇರೋಕೆ ಇನ್ನೂ 0.29. ಒಟ್ಟು 0.49. ಮೊಣಕಾಲು ಬಗ್ಗಿಸುವ ಸಮಯ ಇನ್ನೂ ಸೇರಿಸೇ ಇಲ್ಲ. ಅಂದರೆ ಬಾಲ್ ನೋಡಿ ಹಾರಿದರೆ ಅವನಿಗೆ ಖಂಡಿತ ಸಿಗಲ್ಲ. ಅವನು ಮೊದಲೇ ಊಹೆ ಮಾಡಿ ಹಾರಬೇಕು.

ಇದರಲ್ಲಿ ನಮಗೆ ತುಂಬಾ ಇಷ್ಟವಾದ ವಿಷಯ ಇನ್ನೊಂದಿದೆ. ಮಸ್ಕಿ ಹಾರೋದೂ ಸುಮಾರು 60 ಸೆಂಟಿಮೀಟರ್. ಗುರುತ್ವ ಬಾಲ್‌ಗೂ ಮಸ್ಕಿಗೂ ಒಂದೇ. ಹಾಗಾಗಿ ಬಾಲ್ ಸಿಂಧನೂರಿನ ಬೆರಳು ಬಿಡೋ ಕ್ಷಣದಲ್ಲೇ ಮಸ್ಕಿಯ ಕಾಲು ನೆಲ ಬಿಟ್ಟರೆ, 0.35 ಸೆಕೆಂಡಿನಲ್ಲಿ ಇಬ್ಬರೂ ಒಟ್ಟಿಗೆ ಮೇಲೆ ಸಿಗ್ತಾರೆ. ಅಲ್ಲಿವರೆಗೆ ಮಸ್ಕಿ ಬಾಲ್ ಬಂದಮೇಲೆ ಹಾರ್ತಿದ್ದ. ಬಾಲ್ ಬರೋಕೆ ಮುಂಚೆ, ಬಂದೇ ಬರುತ್ತೆ ಅಂತ ನಂಬಿ ಹಾರಬೇಕಿತ್ತು. ನಾಲ್ಕು ಬಾಲ್ ಮಾತ್ರ ಕೊಟ್ಟವರನ್ನು ನಂಬು ಅಂತ ಹೇಳೋದು ಹೇಗೆ, ಅದೇ ಕಷ್ಟ.

ಬಾಲ್ ಸಿಗದಿದ್ದರೂ ಉಪಯೋಗ

ಮಸ್ಕಿ ಪ್ರತಿ ಸಲ ನಿಜವಾಗಿ ಹಾರಿದರೆ ಎದುರಾಳಿಯ ನಡುವಿನವನು ಅವನ ಜೊತೆ ಹಾರಲೇಬೇಕು, ಇಲ್ಲಾಂದ್ರೆ ಪಾಯಿಂಟ್ ಹೋಗುತ್ತೆ. ಅವನು ಹಾರಿದ ಹೊತ್ತಿಗೆ ಬಾಲ್ ತುದಿಗೆ ಹೋದರೆ ಅಲ್ಲಿ ಲಿಂಗಸುಗೂರಿನ ಎದುರು ಒಬ್ಬನೇ ಬ್ಲಾಕರ್. ಆದರೆ ಈ ಉಪಾಯ ನಡೆಯೋಕೆ ಒಂದು ಷರತ್ತು ಇದೆ. ಮಸ್ಕಿಗೆ ಆಗಾಗ ನಿಜವಾಗಿ ಬಾಲ್ ಕೊಡಬೇಕು. ಎಂದೂ ನಿಲ್ಲದ ಬಸ್ಸಿಗೆ ಯಾರು ಸ್ಟಾಪ್‌ನಲ್ಲಿ ಕಾಯ್ತಾರೆ?

ಲಂಡನ್‌ನಲ್ಲಿ ಒಬ್ಬ ಎತ್ತರದವನು

2012ರ ಲಂಡನ್ ಒಲಿಂಪಿಕ್ಸ್ ಪುರುಷರ ಫೈನಲ್ ರಷ್ಯಾ ಮತ್ತು ಬ್ರೆಜಿಲ್ ನಡುವೆ ನಡೀತು. ಮೊದಲ ಎರಡು ಸೆಟ್ ಬ್ರೆಜಿಲ್ ಗೆದ್ದಿತ್ತು, 25-19, 25-20. ರಷ್ಯಾ ತಂಡದಲ್ಲಿ ದ್ಮಿತ್ರಿ ಮುಸೆರ್‌ಸ್ಕಿ ಅನ್ನೋ 2.18 ಮೀಟರ್ ಎತ್ತರದ ಮಿಡಲ್ ಬ್ಲಾಕರ್ ಇದ್ದ. ಕೋಚ್ ವ್ಲಾದಿಮಿರ್ ಅಲೆಕ್ನೊ ಮೂರನೇ ಸೆಟ್‌ಗೆ ಅವನನ್ನು ನಡುವಿನಿಂದ ತೆಗೆದು ಬಲ ತುದಿಯ ಮುಖ್ಯ ಹೊಡೆತಗಾರನ ಜಾಗಕ್ಕೆ ಹಾಕಿದ್ರು. ಆ ಜಾಗದಲ್ಲಿದ್ದ ಮಿಖಾಯ್ಲೊವ್ ಎಡ ತುದಿಗೆ ಹೋದ. ಬ್ರೆಜಿಲ್ ಚಿನ್ನಕ್ಕೆ ಒಂದೇ ಪಾಯಿಂಟ್ ದೂರದವರೆಗೆ ಬಂದರೂ ಆ ಸೆಟ್ ರಷ್ಯಾ 29-27ರಲ್ಲಿ ಗೆದ್ದಿತು. ಆಮೇಲೆ 25-22, 15-9. ಮುಸೆರ್‌ಸ್ಕಿಯದು ಒಟ್ಟು 31 ಪಾಯಿಂಟ್.

ಇದನ್ನು ನೋಡಿ ಮಸ್ಕಿಯನ್ನೂ ಬಲಕ್ಕೆ ಹಾಕೋಣ ಅಂತ ನಮ್ಮಲ್ಲಿ ಕೆಲವರು ಕುಣಿದ್ರು. ಒಂದು ವಾರ ಹಾಕಿಯೂ ನೋಡಿದ್ವಿ, ಆಗಲಿಲ್ಲ. ತುದಿಯಲ್ಲಿ ನಿಧಾನದ ಬಾಲ್‌ಗೆ ಓಡಿ ಬಂದು ಹೊಡೆಯೋದು ಬೇರೆಯದೇ ವಿದ್ಯೆ. ಮುಸೆರ್‌ಸ್ಕಿಯಿಂದ ಕಲಿಯಬೇಕಾದ್ದು ಜಾಗ ಬದಲಿಸೋದನ್ನಲ್ಲ. ಪಂದ್ಯ ಕೈ ಜಾರುವಾಗ ನಿಮ್ಮ ಅತಿ ದೊಡ್ಡ ಶಕ್ತಿಗೆ ಬಾಲ್ ಹೋಗ್ತಿದೆಯಾ ಅಂತ ಕೇಳಿಕೊಳ್ಳೋದನ್ನ.

ನಾವು ಏನು ಮಾಡಿದ್ವಿ

ಮೊದಲನೇದು, ದಿನಾ ಅರ್ಧ ತಾಸು ಸರ್ವ್ ತಗೊಳ್ಳುವ ಅಭ್ಯಾಸ ಮಾತ್ರ. ನೆಟ್ ಹತ್ತಿರ ಸೆಟ್ಟರ್ ಜಾಗದಲ್ಲಿ ಒಂದು ಹಳೇ ಸೈಕಲ್ ಟಯರ್ ಇಟ್ಟು, ಬಾಲ್ ಅದರೊಳಗೆ ಬೀಳಬೇಕು ಅಂತ ನಿಯಮ. ಬೋರ್ ಹೊಡೆಸುವ ಅಭ್ಯಾಸ ಇದು, ಆದರೆ ಅತಿ ಹೆಚ್ಚು ಫಲ ಕೊಟ್ಟಿದ್ದೂ ಇದೇ.

ಎರಡನೇದು, ಸಿಂಧನೂರು ಮತ್ತು ಮಸ್ಕಿ ಇಬ್ಬರೇ ದಿನಕ್ಕೆ ನಲವತ್ತು ವೇಗದ ಬಾಲ್. ಅದಕ್ಕಿಂತ ಜಾಸ್ತಿ ಇಲ್ಲ. ಎತ್ತರದ ಹುಡುಗರ ಮೊಣಕಾಲಿಗೆ ಹಾರೋದಕ್ಕಿಂತ ಇಳಿಯೋದೇ ಹೆಚ್ಚು ಹೊರೆ, ಅದೂ ನಮ್ಮ ಗಟ್ಟಿ ನೆಲದ ಗ್ರೌಂಡ್‌ನಲ್ಲಿ. ಎರಡೂ ಕಾಲ ಮೇಲೆ, ಮೊಣಕಾಲು ಬಗ್ಗಿಸಿ ಇಳಿಯೋದನ್ನೂ ಅಭ್ಯಾಸದಲ್ಲೇ ಸೇರಿಸಿದ್ವಿ.

ಮೂರನೇದು, ಒಂದು ಒಪ್ಪಂದ. ಪ್ರತಿ ಸೆಟ್‌ನಲ್ಲಿ ಸಿಂಧನೂರಿನ ಹತ್ತಿರಕ್ಕೆ ಬರುವ ಮೊದಲ ಒಳ್ಳೆ ಬಾಲ್ ಮಸ್ಕಿಗೆ. ಹೋದರೂ ಸರಿ, ಬಂದರೂ ಸರಿ. ತಪ್ಪಿದರೆ ಯಾರೂ ಮುಖ ಸಿಂಡರಿಸಬಾರದು, ಮುಂದಿನದೂ ಅವನಿಗೇ.

ನಾಲ್ಕನೇದು ಮಸ್ಕಿಯ ಪಾಲು: ಪ್ರತಿ ಸಲ ಹಾರಬೇಕು. ಬಾಲ್ ಬರಲ್ಲ ಅಂತ ಗೊತ್ತಿದ್ದರೂ.

ಈ ಸೆಮಿಸ್ಟರ್‌ನಲ್ಲಿ ಕಪ್ ಗೆದ್ವಿ ಅಂತ ಬರೆಯೋಕೆ ಆಸೆ, ಆದರೆ ಗೆದ್ದಿಲ್ಲ. ಮೊದಲ ಸುತ್ತು ದಾಟಿದ್ವಿ, ಎರಡನೇದರಲ್ಲಿ ಮೂರು ಸೆಟ್ ಆಡಿ ಸೋತ್ವಿ. ಆ ಪಂದ್ಯದ ಮೊದಲ ವೇಗದ ಬಾಲನ್ನು ಮಸ್ಕಿ ನೆಟ್‌ಗೆ ಹೊಡೆದ. ಗ್ಯಾಲರಿ ನಕ್ಕಿತು. ಸಿಂಧನೂರು ಅವನ ಕಡೆ ನೋಡಿ ಬೆರಳಲ್ಲಿ ಅದೇ ಸನ್ನೆ ಮತ್ತೆ ಮಾಡಿದ. ಮುಂದಿನ ಬಾಲ್ ಎದುರು ಅಂಕಣದ ನಡುವೆ ಬಿದ್ದಾಗ ಯಾವ ಬ್ಲಾಕರ್‌ನ ಕೈಯೂ ನೆಟ್ ಮೇಲೆ ಬಂದಿರಲಿಲ್ಲ. ಮೂರನೇ ಸೆಟ್ ಹೊತ್ತಿಗೆ ಲಿಂಗಸುಗೂರಿನ ಎದುರೂ ಒಬ್ಬನೇ ಬ್ಲಾಕರ್ ನಿಲ್ತಿದ್ದ.

ವಾಪಸ್ ಬರುವಾಗ ಬಸ್ಸಿನಲ್ಲಿ ಎಲ್ಲರೂ ಮಲಗಿದ್ರು. ಮಸ್ಕಿ ಮಾತ್ರ ಸಿಂಧನೂರನ್ನು ಎಬ್ಬಿಸಿ, "ನಾಳೆ ಐದಕ್ಕ ಗ್ರೌಂಡಿಗೆ ಬಾ, ಮೊದಲನೇದು ಯಾಕ ನೆಟ್‌ಗೆ ಹೋತು ನೋಡೂಣು" ಅಂದ. ಬ್ಯಾಕ್ ಇದ್ದ ಸಬ್ಜೆಕ್ಟ್ ಪರೀಕ್ಷೆ ಇನ್ನೂ ಬಾಕಿ ಇದೆ, ಅದಕ್ಕೂ ನಾವು ಸರದಿ ಮೇಲೆ ಪಾಠ ಹೇಳ್ತಿದ್ದೀವಿ.

ನಿಮ್ಮ ಕಾಲೇಜಿನ ತಂಡದಲ್ಲೂ ಇಂಥ ಒಬ್ಬ ಇರಬಹುದು. ಮುಂದಿನ ಸಲ ಪಂದ್ಯ ನೋಡುವಾಗ ಅವನು ಎಷ್ಟು ಸಲ ಹಾರಿದ, ಎಷ್ಟು ಸಲ ಬಾಲ್ ಸಿಕ್ತು ಅಂತ ಸುಮ್ಮನೆ ಎಣಿಸಿ ನೋಡಿ.