ಹಿಂಜರಿತದ ಪೆಟ್ಟು ಶಾಲೆಗೆ ತಡವಾಗಿ ಬೀಳುತ್ತದೆ

ಆರ್ಥಿಕತೆ ಕುಸಿದ ವರ್ಷವೇ ಸ್ವಯಂಸೇವಾ ಸಂಸ್ಥೆಗಳ ಶಿಕ್ಷಣ ಕೆಲಸಕ್ಕೆ ಕಂಪನಿಗಳ ಹಣ ಬತ್ತುತ್ತದೆ ಎಂದುಕೊಳ್ಳುವುದು ಸಹಜ. ಆದರೆ ನಮ್ಮ ದೇಶದಲ್ಲಿ ಕಷ್ಟ ಶುರುವಾಗುವುದು ಅದರ ಮರುವರ್ಷ. ಕಾರಣ ಕಾನೂನಿನ ಲೆಕ್ಕದಲ್ಲೇ ಇದೆ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ (ಸಿಎಸ್‌ಆರ್) ಖರ್ಚು ಮಾಡಬೇಕು. ವರ್ಷಕ್ಕೆ 100 ಕೋಟಿ ರೂಪಾಯಿ ಲಾಭ ಮಾಡುವ ಕಂಪನಿಯ ಪಾಲು 2 ಕೋಟಿ. ಒಂದು ವರ್ಷ ಲಾಭ 40 ಕೋಟಿಗೆ ಇಳಿಯಿತು ಎನ್ನೋಣ. ಆ ವರ್ಷದ ಪಾಲು ಬದಲಾಗದು. ಮರುವರ್ಷ ಸರಾಸರಿ 80 ಕೋಟಿಯಾಗಿ, ಪಾಲು 1.6 ಕೋಟಿಗೆ ಬರುತ್ತದೆ. ಲಾಭ ಮತ್ತೆ 100 ಕೋಟಿ ಮುಟ್ಟಿದರೂ ಆ ಕೆಟ್ಟ ವರ್ಷ ಲೆಕ್ಕದಿಂದ ಹೊರಹೋಗುವ ತನಕ, ಅಂದರೆ ಮೂರು ವರ್ಷ, ಪಾಲು ಅಷ್ಟೇ. ಇನ್ನು ಲಾಭದ ಕಾರಣಕ್ಕಷ್ಟೇ ಈ ನಿಯಮಕ್ಕೆ ಒಳಪಟ್ಟ ಸಣ್ಣ ಕಂಪನಿಯ ಲಾಭ 5 ಕೋಟಿಗಿಂತ ಕೆಳಗಿಳಿದರೆ ಮರುವರ್ಷ ಅದಕ್ಕೆ ಈ ಹೊಣೆಯೇ ಇಲ್ಲ. ಅಂಥ ಒಂದು ಕಾರ್ಖಾನೆಯನ್ನೇ ನೆಚ್ಚಿಕೊಂಡ ಊರಿನ ಸಂಸ್ಥೆ ಬಾಗಿಲು ಹಾಕಬೇಕಾಗುತ್ತದೆ.

ಮಕ್ಕಳ ಕಷ್ಟ ಹೀಗೆ ತಡವಾಗಿ ಬರುವುದಿಲ್ಲ. ಅಪ್ಪನ ಕೂಲಿ ತಪ್ಪಿದ ತಿಂಗಳೇ ಶಾಲೆಯ ಫೀಸು ಬಾಕಿ ಬೀಳುತ್ತದೆ. ಕೋವಿಡ್ ಕಾಲದಲ್ಲಿ ಇದೇ ಆಯಿತು: ಶಿಕ್ಷಣದ ಸ್ಥಿತಿ ಅಳೆಯುವ ಅಸರ್ ಸಮೀಕ್ಷೆಯಂತೆ ಗ್ರಾಮೀಣ ಭಾರತದ 6ರಿಂದ 14 ವರ್ಷದ ಮಕ್ಕಳಲ್ಲಿ ಖಾಸಗಿ ಶಾಲೆಯಲ್ಲಿದ್ದವರು 2018ರಲ್ಲಿ ಶೇ 32.5, 2021ರಲ್ಲಿ ಶೇ 24.4. ಸರ್ಕಾರಿ ಶಾಲೆಗಳ ತರಗತಿ ತುಂಬಿ, ಅಲ್ಲಿ ಕೈಜೋಡಿಸುವ ಸಂಸ್ಥೆಗಳ ಕೆಲಸವೂ ಹೆಚ್ಚಿತು.

ಅದೇ ಹೊತ್ತಿಗೆ ಈ ಸಂಸ್ಥೆಗಳಿಗೆ ಹಣ ಬರುವ ದಾರಿಗಳು ಕಿರಿದಾದವು. 2020ರ ಮಾರ್ಚ್‌ನಲ್ಲಿ ಕೋವಿಡ್ ಪರಿಹಾರದ ಪಿಎಂ ಕೇರ್ಸ್ ನಿಧಿಗೆ ಕೊಟ್ಟ ಹಣವೂ ಸಿಎಸ್‌ಆರ್ ಲೆಕ್ಕಕ್ಕೆ ಸೇರಿತು. ಆ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂದು, ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು; ದೊಡ್ಡ ಸಂಸ್ಥೆ ವಿದೇಶಿ ಹಣವನ್ನು ಸಣ್ಣ ಸಂಸ್ಥೆಗೆ ದಾಟಿಸುವುದೂ ನಿಂತಿತು.

ಹಣ ಕಡಿಮೆಯಾದಾಗ ಮೊದಲು ಹೋಗುವುದು ಸಂಬಳ. ಕಟ್ಟಡಕ್ಕೆ, ಕಂಪ್ಯೂಟರಿಗೆ ದಾನಿಯ ಹೆಸರು ಬರೆಸಬಹುದು. ಓದಲು ಬಾರದ ಐದನೇ ತರಗತಿ ಹುಡುಗಿಗೆ ದಿನವೂ ಅಕ್ಷರ ತಿದ್ದಿಸುವ ಶಿಕ್ಷಕಿಯ ಕೆಲಸಕ್ಕೆ ಫಲಕ ಹಾಕಲಾಗದು. ಆಕೆ ಹೋದರೆ, ಮೂರು ವರ್ಷ ಕಳೆದು ಹಣ ಬಂದಾಗ ಆ ಹುಡುಗಿ ಎಂಟನೇ ತರಗತಿಯಲ್ಲಿರುತ್ತಾಳೆ, ಇಲ್ಲವೇ ಶಾಲೆಯಲ್ಲೇ ಇರುವುದಿಲ್ಲ. ಅಜೀಂ ಪ್ರೇಮ್‌ಜಿ ಫೌಂಡೇಶನ್‌ನಂತೆ ದೊಡ್ಡ ಮೂಲಧನವಿದ್ದವರು ಹಣದ ಈ ಕೊರತೆಯನ್ನು ತಾಳಿಕೊಳ್ಳಬಲ್ಲರು. ಉಳಿದವರಿಗೆ ಆ ಆಸರೆಯಿಲ್ಲ.

ನಿಮ್ಮೂರಿನ ಸಂಸ್ಥೆಗೆ ಕೊಡುವ ಮನಸ್ಸಿದ್ದರೆ ಸಂಬಳಕ್ಕೆಂದು ಕೊಡಿ. ತಿಂಗಳಿಗೆ 500 ರೂಪಾಯಿಯಾದರೂ ಸರಿ, ಕೆಟ್ಟ ವರ್ಷ ಕಳೆದ ಮೇಲೂ ನಿಲ್ಲಿಸಬೇಡಿ.